ಗಡ್ಡೆ ಕರಗುವ ಮುನ್ನವೇ ತಿಳಿಯಬೇಕಾದದ್ದು

ವಿಜಯಪುರದಲ್ಲಿ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ವಿದ್ಯಾರ್ಥಿನಿಯರು ಮತ್ತು ಚಿಕಿತ್ಸೆಯಲ್ಲಿರುವ ಕೆಲವರ ಮನೆಯವರ ಮುಂದೆ ಆಡಿದ ಮಾತಿದು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.

“ಮೇಡಮ್ಮಾರ, ಗಡ್ಡಿ ಕರಗಾಕತ್ತೈತೇನ್ರಿ?”

ಸ್ತನ ಕ್ಯಾನ್ಸರಿಗೆ ಕೀಮೋ ತಗೊಳ್ಳುತ್ತಿರುವವರು ಸ್ಕ್ಯಾನಿಂಗ್ ಕೋಣೆಗೆ ಬಂದರೆ ಮೊದಲು ಕೇಳುವ ಮಾತು ಇದೇ. ಅಷ್ಟೊತ್ತಿಗೆ ಕೂದಲು ಉದುರಿರುತ್ತದೆ, ಬಾಯಿಗೆ ರುಚಿ ಹತ್ತುತ್ತಿರುವುದಿಲ್ಲ, ಮನೆಯಲ್ಲಿ ಒಂದು ಎಕರೆ ಒತ್ತೆ ಬಿದ್ದಿದ್ದರೂ ಬಿದ್ದಿರುತ್ತದೆ. ಇಷ್ಟು ಸಂಕಟಕ್ಕೆ ಒಳಗೆ ಏನಾದರೂ ಕೆಲಸ ನಡೆದಿದೆಯೇ ಎಂದು ಕೇಳದೆ ಹೇಗಿರಲು ಸಾಧ್ಯ? ನಾನು ರೇಡಿಯಾಲಜಿಯವಳು, ಸ್ಕ್ಯಾನ್ ಚಿತ್ರ ತೆಗೆದು ಓದುವವಳು. ಔಷಧ ಬರೆಯುವವರು ಬೇರೆ, ಆಪರೇಷನ್ ಮಾಡುವವರು ಬೇರೆ. ಈ ಪ್ರಶ್ನೆ ಮಾತ್ರ ನಮ್ಮ ಪಾಲಿಗೆ ಬರುತ್ತದೆ. ಅದಕ್ಕೆ ಈಗ ನಾವು ಹೇಗೆ ಉತ್ತರ ಹುಡುಕುತ್ತೇವೆ, ಎಷ್ಟು ಬೇಗ ಹೇಳಬಲ್ಲೆವು, ಎಲ್ಲಿ ಹುಷಾರಾಗಿರಬೇಕು ಎಂಬುದನ್ನು ಇವತ್ತು ಹೇಳುತ್ತೇನೆ.

ಆಪರೇಷನ್ ಮೊದಲು, ಕೀಮೋ ಆಮೇಲೆ ಎನ್ನುವುದು ಹಳೆಯ ಕ್ರಮ. ನಿಮ್ಮಲ್ಲಿ ಬಹಳ ಜನ ಅದನ್ನೇ ಕೇಳಿದ್ದೀರಿ. ಹಾಗಾಗಿ “ಮೊದಲು ಕೀಮೋ” ಎಂದು ಡಾಕ್ಟರು ಹೇಳಿದ ಕೂಡಲೇ ಮನೆಯವರ ಎದೆ ಒಡೆಯುತ್ತದೆ, ಕೈ ಮೀರಿ ಹೋಯಿತು ಎಂದು ತಿಳಿಯುತ್ತಾರೆ. 1988ರಲ್ಲಿ ಅಮೆರಿಕದಲ್ಲಿ ಬಿ-18 ಎಂಬ ಪ್ರಯೋಗ ಶುರುವಾಯಿತು. 1,523 ಹೆಣ್ಣುಮಕ್ಕಳು ಸೇರಿದರು. ಅರ್ಧ ಜನಕ್ಕೆ ಆಪರೇಷನ್ನಿಗೆ ಮುಂಚೆ ಕೀಮೋ, ಉಳಿದವರಿಗೆ ಅದೇ ಕೀಮೋ ಆಪರೇಷನ್ ಆದ ಮೇಲೆ. ಬದುಕಿ ಉಳಿದವರ ಲೆಕ್ಕದಲ್ಲಿ ಫರಕು ಬರಲಿಲ್ಲ. ಮುಂಚೆ ಕೀಮೋ ಪಡೆದವರಲ್ಲಿ ಮಾತ್ರ ಸ್ತನ ಪೂರ್ತಿ ತೆಗೆಸದೆ ಉಳಿಸಿಕೊಂಡವರು ಹೆಚ್ಚಾದರು. ಇನ್ನೊಂದು ಲಾಭವನ್ನು ಆಗ ಅಷ್ಟಾಗಿ ಯಾರೂ ಎಣಿಸಿರಲಿಕ್ಕಿಲ್ಲ. ಗಡ್ಡೆ ಜಾಗದಲ್ಲೇ ಇರುವುದರಿಂದ ಔಷಧ ಅದರ ಮೇಲೆ ಏನು ಮಾಡುತ್ತಿದೆ ಎಂದು ಕಣ್ಣಾರೆ ನೋಡಬಹುದು. ತೆಗೆದುಹಾಕಿದ ಮೇಲೆ ಕೀಮೋ ಕೊಟ್ಟರೆ ನೋಡಲು ಏನಿರುತ್ತದೆ?

ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ನಾಲ್ಕು ಸಲ ಡಾಕ್ಸೊರುಬಿಸಿನ್ ಎಂಬ ಆ ಕೆಂಪು ಔಷಧ, ಆಮೇಲೆ ವಾರಕ್ಕೊಮ್ಮೆ ಹನ್ನೆರಡು ಸಲ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ. ಎಲ್ಲ ಸೇರಿ ಆರು ತಿಂಗಳ ಹತ್ತಿರ. ಆಮೇಲೆ ಆಪರೇಷನ್. ತೆಗೆದ ಭಾಗವನ್ನು ಪೆಥಾಲಜಿಯವರು ಸೂಕ್ಷ್ಮದರ್ಶಕದಲ್ಲಿ ನೋಡಿ ಆಕ್ರಮಕ, ಅಂದರೆ ಸುತ್ತಲಿನ ಅಂಗಾಂಶಕ್ಕೆ ನುಗ್ಗುವ, ಕ್ಯಾನ್ಸರ್ ಕೋಶ ಸ್ತನದಲ್ಲೂ ಕಂಕುಳ ಗ್ರಂಥಿಯಲ್ಲೂ ಉಳಿದಿಲ್ಲ ಎಂದರೆ ಅದಕ್ಕೆ ಪೂರ್ಣ ಸ್ಪಂದನೆ ಎನ್ನುತ್ತಾರೆ. 2014ರಲ್ಲಿ ಹನ್ನೆರಡು ಸಾವಿರದ ಹತ್ತಿರ ಹೆಣ್ಣುಮಕ್ಕಳ ವಿವರ ಒಟ್ಟುಗೂಡಿಸಿ ನೋಡಿದಾಗ, ಪೂರ್ಣ ಸ್ಪಂದನೆ ಸಿಕ್ಕವರು ಹೆಚ್ಚು ಕಾಲ ಚೆನ್ನಾಗಿರುತ್ತಾರೆ ಎಂಬುದು ಗಟ್ಟಿಯಾಯಿತು. ಟ್ರಿಪಲ್ ನೆಗೆಟಿವ್ (ಹಾರ್ಮೋನ್ ಗ್ರಾಹಕಗಳೂ ಹರ್-ಟೂ ಪ್ರೋಟೀನೂ ಇಲ್ಲದ್ದು) ಮತ್ತು ಹರ್-ಟೂ ಪಾಸಿಟಿವ್ (ಆ ಪ್ರೋಟೀನ್ ಹೆಚ್ಚಿರುವುದು) ಬಗೆಯಲ್ಲಿ ಈ ಸಂಬಂಧ ಇನ್ನೂ ಬಿಗಿ. ಆದರೆ ಆ ಉತ್ತರ ಸಿಗುವುದು ಆರು ತಿಂಗಳ ಕೊನೆಗೆ. ಔಷಧ ಹಿಡಿಸಿಲ್ಲ ಎಂದು ಅಷ್ಟು ತಡವಾಗಿ ತಿಳಿದರೆ ಹೃದಯ, ನರಗಳು ಸುಮ್ಮನೆ ಪೆಟ್ಟು ತಿಂದಂತೆ, ರೋಗಕ್ಕೂ ಅಷ್ಟು ತಿಂಗಳು ಬಿಟ್ಟುಕೊಟ್ಟಂತೆ.

ಹಾಗಾದರೆ ನಡುವೆ ಹೇಗೆ ನೋಡುವುದು? ಬಹಳ ಕಾಲ ನಮ್ಮ ಕೈಯಲ್ಲಿದ್ದದ್ದು ಬೆರಳು ಮತ್ತು ಅಳತೆಪಟ್ಟಿ. ಇವತ್ತಿಗೂ ಜಗತ್ತಿನ ತುಂಬ ಬಳಸುವ ನಿಯಮದ ಪ್ರಕಾರ ಅತಿ ಉದ್ದದ ಅಳತೆಗಳ ಮೊತ್ತ ಶೇ. 30ರಷ್ಟು ಕುಗ್ಗಿದರೆ ಭಾಗಶಃ ಸ್ಪಂದನೆ, ಶೇ. 20ರಷ್ಟು ಹಿಗ್ಗಿದರೆ ರೋಗ ಬೆಳೆದಿದೆ ಎಂದರ್ಥ. ಕಾಗದದ ಮೇಲೆ ಚೆಂದ ಕಾಣುತ್ತದೆ. ಸ್ತನದಲ್ಲಿ ಇದು ಕೈಕೊಡುವುದೇ ಹೆಚ್ಚು. ಕೋಶಗಳು ಸತ್ತ ಜಾಗದಲ್ಲಿ ನಾರಿನಂಥ ಗಾಯದ ಕಲೆ ಉಳಿದರೆ ಬೆರಳಿಗೆ ಗಟ್ಟಿಯಾಗಿಯೇ ಸಿಗುತ್ತದೆ, “ಏನೂ ಕರಗಿಲ್ಲ” ಎನ್ನುತ್ತೇವೆ. ಕೆಲವು ಗಡ್ಡೆಗಳು ಸುತ್ತಲಿಂದ ಸಮವಾಗಿ ಕುಗ್ಗುವುದಿಲ್ಲ, ಒಳಗೊಳಗೇ ಚೂರಾಗಿ ಅಲ್ಲೊಂದು ಇಲ್ಲೊಂದು ದ್ವೀಪ ಉಳಿಸುತ್ತವೆ. ಆಗ ತುದಿಯಿಂದ ತುದಿಗೆ ಅಳೆದರೆ ಸಂಖ್ಯೆ ಹಳೆಯದೇ ಬರುತ್ತದೆ. ಮ್ಯಾಮೊಗ್ರಾಮಿನಲ್ಲಿ ಕಾಣುವ ಸುಣ್ಣದ ಸಣ್ಣ ಚುಕ್ಕೆಗಳ ಕಥೆ ಇನ್ನೂ ವಿಚಿತ್ರ. ಕ್ಯಾನ್ಸರ್ ಪೂರ್ತಿ ಸತ್ತರೂ ಅವು ಹಾಗೇ ಇರಬಹುದು, ಕೆಲವೊಮ್ಮೆ ಹೆಚ್ಚಿದಂತೆಯೂ ಕಾಣಬಹುದು.

ತಿಕೋಟಾ ಕಡೆಯವರು ಇಲ್ಲಿದ್ದೀರಿ, ದ್ರಾಕ್ಷಿ ಪಡ ಇದ್ದವರು. ಎಲೆಗೆ ಹತ್ತುವ ಡೌನಿ ರೋಗಕ್ಕೆ ಔಷಧ ಹೊಡೆದ ಮೇಲೆ ಗೊನೆ ತೂಗಿ ನೋಡುತ್ತೀರಾ? ಇಲ್ಲ. ಎರಡು ಮೂರು ದಿನಕ್ಕೆ ಎಲೆ ಮಗುಚಿ ಹಿಂಬದಿಯ ಬಿಳಿ ಬೂಷ್ಟು ಒಣಗಿದೆಯೇ ನೋಡುತ್ತೀರಿ. ಕೀಮೋ ವಿಷಯದಲ್ಲೂ ಮೊದಲು ಬದಲಾಗುವುದು ಗಾತ್ರ ಅಲ್ಲ. ಕೋಶದ ಸಕ್ಕರೆ ಹಸಿವು ತಗ್ಗುತ್ತದೆ, ಅದಕ್ಕೆ ರಕ್ತ ತರುವ ನಾಳಗಳು ಸೊರಗುತ್ತವೆ, ಒತ್ತೊತ್ತಾಗಿದ್ದ ಕೋಶಗಳು ಒಡೆದು ನಡುವೆ ಜಾಗವಾಗುತ್ತದೆ, ಗಡ್ಡೆ ಮೆತ್ತಗಾಗುತ್ತದೆ. ಗಾತ್ರ ಇಳಿಯುವುದು ಇವೆಲ್ಲ ಆದ ಮೇಲೆ. ಹೊಸ ಚಿತ್ರಣ ವಿಧಾನಗಳೆಲ್ಲ ಹುಡುಕುವುದು ಈ ಮೊದಲ ಗುರುತುಗಳನ್ನೇ.

ಎಂಆರ್‌ಐಯಿಂದ ಶುರು ಮಾಡೋಣ, ಯಾಕೆಂದರೆ ಇದರಲ್ಲೇ ಹೆಚ್ಚು ಪುರಾವೆ ಇದೆ. ಬೋರಲು ಮಲಗಿಸುತ್ತೇವೆ, ಸ್ತನಗಳು ಎರಡು ಗುಳಿಗಳಲ್ಲಿ ಇಳಿಬಿದ್ದಿರುತ್ತವೆ, ಅರ್ಧ ತಾಸಿನ ಹತ್ತಿರ ಗಡಗಡ ಸದ್ದು. ನಡುವೆ ಕೈಯ ನರಕ್ಕೆ ಗ್ಯಾಡೋಲಿನಿಯಂ ಎಂಬ ಬಣ್ಣದೌಷಧ ಬಿಡುತ್ತೇವೆ. ಕ್ಯಾನ್ಸರ್ ಅವಸರದಲ್ಲಿ ಕಟ್ಟಿಕೊಂಡ ರಕ್ತನಾಳಗಳು ಸೋರುತ್ತವೆ, ಹಾಗಾಗಿ ಅಲ್ಲಿ ಔಷಧ ಬೇಗ ತುಂಬಿ ಬೇಗ ಖಾಲಿಯಾಗುತ್ತದೆ. ಈ ಓಟವನ್ನು ನಿಮಿಷ ನಿಮಿಷಕ್ಕೂ ಚಿತ್ರ ಹಿಡಿದು, ಒಂದು ಮಿತಿಗಿಂತ ಹೆಚ್ಚು ಹೊಳೆದ ಚುಕ್ಕೆಗಳನ್ನಷ್ಟೇ ಕಂಪ್ಯೂಟರ್ ಎಣಿಸಿ ಕೂಡಿಸುತ್ತದೆ. ಬರುವ ಉತ್ತರ ಜೀವಂತ ಗಡ್ಡೆಯ ಗಾತ್ರ, ಅಂದರೆ ಕಲೆ, ನೀರು, ಸತ್ತ ಭಾಗ ಬಿಟ್ಟ ಲೆಕ್ಕ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೋಲಾ ಹಿಲ್ಟನ್ ಈ ಅಳತೆಯನ್ನು ಬೆಳೆಸಿದವರು. ಅವರ ತಂಡ 2012ರಲ್ಲಿ 200ಕ್ಕೂ ಹೆಚ್ಚು ಹೆಣ್ಣುಮಕ್ಕಳ ಫಲಿತಾಂಶ ಪ್ರಕಟಿಸಿತು. ಡಾಕ್ಟರ ಕೈ ಪರೀಕ್ಷೆಗಿಂತ ಈ ಲೆಕ್ಕ ಪೂರ್ಣ ಸ್ಪಂದನೆಯನ್ನು ಚೆನ್ನಾಗಿ ಮುನ್ಸೂಚಿಸಿತು, ಅದೂ ಚಿಕಿತ್ಸೆಯ ಆರಂಭದಲ್ಲೇ. 2010ರಿಂದ ನಡೆದಿರುವ ಐ-ಸ್ಪೈ 2 ಎಂಬ ಪ್ರಯೋಗಮಾಲೆ ಹೊಸ ಔಷಧಗಳನ್ನು ಪರೀಕ್ಷಿಸುವಾಗ ಇದೇ ಅಳತೆಯನ್ನು ನೆಚ್ಚಿಕೊಂಡಿದೆ.

ಅದೇ ಯಂತ್ರದಲ್ಲಿ ಇನ್ನೊಂದು ವಿಧಾನ ಇದೆ, ನನಗೆ ಹೆಚ್ಚು ಹಿಡಿಸಿದ್ದು. ಬಣ್ಣದೌಷಧವೇ ಬೇಡ. ಕೋಶಗಳ ನಡುವಿನ ನೀರಿನ ಕಣಗಳು ಎಷ್ಟು ಸರಾಗವಾಗಿ ಅಲೆಯುತ್ತಿವೆ ಎಂದು ಅಳೆಯುವುದು. ಕೋಶಗಳು ಒತ್ತೊತ್ತಾಗಿದ್ದರೆ ನೀರಿಗೆ ಸರಿಯಲು ಜಾಗ ಇಲ್ಲ. ಔಷಧ ತಗುಲಿ ಕೋಶ ಒಡೆದರೆ ನೀರು ಸಲೀಸಾಗಿ ಓಡಾಡುತ್ತದೆ, ಸಂಖ್ಯೆ ಏರುತ್ತದೆ. ಇದಕ್ಕೆ ಡಿಫ್ಯೂಷನ್ ಎಂಆರ್‌ಐ ಎನ್ನುತ್ತಾರೆ. ಮೂತ್ರಪಿಂಡ ಸೋತವರಿಗೂ ಮಾಡಬಹುದು, ಬಣ್ಣದೌಷಧದ ಖರ್ಚೂ ಉಳಿಯುತ್ತದೆ. ಹಾಗೆಂದು ಕಂಡಷ್ಟೇ ಹೇಳಬೇಕು. ಅನೇಕ ಆಸ್ಪತ್ರೆಗಳು ಸೇರಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹನ್ನೆರಡನೇ ವಾರದ ಬದಲಾವಣೆಗೆ ಅರ್ಥ ಇತ್ತು, ಮೂರನೇ ವಾರದ್ದು ಸ್ಪಷ್ಟ ಆಗಲಿಲ್ಲ. ಹನ್ನೆರಡನೇ ವಾರದ ಮುನ್ಸೂಚನೆಯೂ ಸಾಧಾರಣ ಮಟ್ಟದ್ದೇ. ಇದೊಂದನ್ನೇ ನಂಬಿ ಔಷಧ ಬದಲಿಸಿ ಎಂದು ನಾನಂತೂ ಬರೆಯುವುದಿಲ್ಲ.

ಬಣ್ಣದೌಷಧದ ಎಂಆರ್‌ಐಗೂ ಒಂದು ಮೋಸ ಇದೆ. ಪ್ಯಾಕ್ಲಿಟ್ಯಾಕ್ಸೆಲ್ ಜಾತಿಯ ಔಷಧಗಳು ರಕ್ತನಾಳಗಳನ್ನೇ ಸೊರಗಿಸುತ್ತವೆ. ಹಾಗಾಗಿ ಕ್ಯಾನ್ಸರ್ ಉಳಿದಿದ್ದರೂ ಹೊಳೆಯದೆ ಅಡಗಿಕೊಳ್ಳಬಹುದು. ಸಾಲುಸಾಲಾಗಿ ಹರಡುವ ಲೋಬ್ಯುಲರ್ ಬಗೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಈಗ ಪೆಟ್ ಸ್ಕ್ಯಾನ್. ಸಕ್ಕರೆಗೆ ಫ್ಲೋರಿನ್-18 ಎಂಬ ವಿಕಿರಣ ಗುರುತು ಅಂಟಿಸಿ ನರಕ್ಕೆ ಕೊಡುತ್ತಾರೆ. ಹಸಿದ ಕ್ಯಾನ್ಸರ್ ಕೋಶ ಅದನ್ನು ಬಾಚಿಕೊಳ್ಳುತ್ತದೆ, ಯಂತ್ರದಲ್ಲಿ ಉರಿಯುವಂತೆ ಕಾಣುತ್ತದೆ. ಈ ಫ್ಲೋರಿನ್ನಿನ ಶಕ್ತಿ 110 ನಿಮಿಷಕ್ಕೊಮ್ಮೆ ಅರ್ಧ ಆಗುತ್ತದೆ. ಅದು ತಯಾರಾಗಲು ಸೈಕ್ಲೋಟ್ರಾನ್ ಎಂಬ ದೊಡ್ಡ ಯಂತ್ರ ಬೇಕು. ಬೆಂಗಳೂರಿನಲ್ಲಿ ತಯಾರಾದದ್ದನ್ನು ರಸ್ತೆ ಮೇಲೆ ಒಂಬತ್ತು ತಾಸು ತಂದರೆ ವಿಜಯಪುರಕ್ಕೆ ಮುಟ್ಟುವಾಗ ಮೂವತ್ತರಲ್ಲಿ ಒಂದು ಪಾಲು ಉಳಿದಿರುತ್ತದೆ. ಎಂಆರ್‌ಐ ಹರಡಿದಷ್ಟು ಸಲೀಸಾಗಿ ಪೆಟ್ ಸ್ಕ್ಯಾನ್ ನಮ್ಮ ಕಡೆ ಹರಡದಿರಲು ಯಂತ್ರದ ಬೆಲೆಯಷ್ಟೇ ಈ ಗಡಿಯಾರವೂ ಕಾರಣ. ಹೋಗುವವರಿಗೆ ಒಂದು ಮಾತು. ಹಿಂದಿನ ನಾಲ್ಕರಿಂದ ಆರು ತಾಸು ಏನೂ ತಿನ್ನಬಾರದು, ನೀರು ಕುಡಿಯಬಹುದು. ಮುಂಜಾನೆ ಒಂದು ಕಪ್ ಸಿಹಿ ಚಹಾ ಕುಡಿದು ಬಂದರೂ ಚಿತ್ರ ಕೆಡುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಮೊದಲೇ ಹೇಳಬೇಕು, ಗುಳಿಗೆ, ಇನ್ಸುಲಿನ್ ಹೊಂದಿಸಿಕೊಡುತ್ತಾರೆ.

ಚಿತ್ರ ನೋಡಿ ಚಿಕಿತ್ಸೆಯನ್ನೇ ಬದಲಿಸಬಹುದು ಎಂಬುದಕ್ಕೆ ನನಗೆ ತಿಳಿದ ಅತಿ ಗಟ್ಟಿ ಉದಾಹರಣೆ ಪೆಟ್ ಸ್ಕ್ಯಾನಿನದೇ. ಯುರೋಪಿನ ಫೆರ್‌ಗೇನ್ ಎಂಬ ಪ್ರಯೋಗ. ಹರ್-ಟೂ ಪಾಸಿಟಿವ್ ಇದ್ದ 285 ಹೆಣ್ಣುಮಕ್ಕಳಿಗೆ ಕೀಮೋ ಇಲ್ಲದೆಯೇ ಟ್ರಾಸ್ಟುಜುಮ್ಯಾಬ್, ಪರ್ಟುಜುಮ್ಯಾಬ್ ಎಂಬ ಎರಡು ಗುರಿ ಔಷಧ ಶುರು ಮಾಡಿದರು. ಎರಡು ಸುತ್ತಿನ ನಂತರ ಪೆಟ್ ಸ್ಕ್ಯಾನ್. ಉರಿ ಶೇ. 40ರಷ್ಟಾದರೂ ತಗ್ಗಿದ್ದರೆ ಅದೇ ಔಷಧ ಮುಂದುವರಿಕೆ, ಇಲ್ಲದಿದ್ದರೆ ಕೀಮೋ ಸೇರ್ಪಡೆ. 227 ಜನಕ್ಕೆ ಉರಿ ತಗ್ಗಿತ್ತು. ಅವರಲ್ಲಿ 86 ಜನಕ್ಕೆ ಒಂದು ಹನಿ ಕೀಮೋ ಇಲ್ಲದೆ ಆಪರೇಷನ್ ಹೊತ್ತಿಗೆ ಪೂರ್ಣ ಸ್ಪಂದನೆ ಸಿಕ್ಕಿತು. ಮೂರು ವರ್ಷದ ಫಲಿತಾಂಶ 2024ರಲ್ಲಿ ಬಂತು. ಈ ಇಡೀ ಗುಂಪಿನಲ್ಲಿ ಶೇ. 95ರ ಹತ್ತಿರ ಜನ ಆಕ್ರಮಕ ರೋಗ ಮರಳದೆ ಇದ್ದರು. ಕೂದಲು ಉದುರಿಸದೆ ಗುಣಪಡಿಸುವ ದಾರಿ ಇದು, ಅದನ್ನು ತೋರಿಸಿದ್ದು ಒಂದು ಚಿತ್ರ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಟ್ರಾಸ್ಟುಜುಮ್ಯಾಬ್‌ನ ಸಮರೂಪಿಯನ್ನು, ಅಂದರೆ ಅದರಂತೆಯೇ ಕೆಲಸ ಮಾಡುವ ಔಷಧವನ್ನು, ಮಾರುಕಟ್ಟೆಗೆ ತಂದ ಮೇಲೆ ನಮ್ಮಲ್ಲಿ ಆ ಔಷಧ ಪಡೆಯುವವರು ಹೆಚ್ಚಿದ್ದಾರೆ. ಎರಡನೆಯ ಔಷಧದ ಬೆಲೆ ಕೇಳಿದರೆ ಮಾತ್ರ ಈಗಲೂ ಮನೆಯವರು ಕುರ್ಚಿ ಹಿಡಿದುಕೊಳ್ಳುತ್ತಾರೆ.

ಹಾರ್ಮೋನ್ ಬಗೆಯ ಕ್ಯಾನ್ಸರಿಗೆ ಸಕ್ಕರೆಯ ಬದಲು ಈಸ್ಟ್ರೋಜನ್ನಿಗೇ ಫ್ಲೋರಿನ್ ಅಂಟಿಸಿದ ಪೆಟ್ ಔಷಧಕ್ಕೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿದೆ. ಬೆಳಕಿನಿಂದ ನೋಡುವ ಪ್ರಯತ್ನಗಳೂ ಇವೆ. ಕೆಂಪಿನಾಚೆಯ ಬೆಳಕು ಸ್ತನದೊಳಗೆ ಕೆಲವು ಸೆಂಟಿಮೀಟರ್ ಇಳಿದು ರಕ್ತದ ಆಮ್ಲಜನಕ, ನೀರು, ಕೊಬ್ಬಿನ ಲೆಕ್ಕ ತರುತ್ತದೆ. ಅಮೆರಿಕದ ವಿಜ್ಞಾನಿ ಬ್ರೂಸ್ ಟ್ರಾಂಬರ್ಗ್ ಅವರ ಗುಂಪು 2011ರಲ್ಲಿ, ಔಷಧಕ್ಕೆ ಸ್ಪಂದಿಸುವವರಲ್ಲಿ ಕೀಮೋ ಕೊಟ್ಟ ಮರುದಿನವೇ ಆಮ್ಲಜನಕಯುಕ್ತ ರಕ್ತದ ಪ್ರಮಾಣ ಜಿಗಿಯುವುದನ್ನು ಕಂಡಿತು. ಮರುದಿನವೇ! ಲೇಸರ್ ಮಿಂಚಿಸಿ ಅಂಗಾಂಶದಿಂದ ಹೊಮ್ಮುವ ಸದ್ದನ್ನು ಆಲಿಸುವ ಫೋಟೊಅಕೌಸ್ಟಿಕ್ ಯಂತ್ರ ಒಂದೇ ಉಸಿರು ಬಿಗಿಹಿಡಿಯುವ ಹದಿನೈದು ಸೆಕೆಂಡಿನಲ್ಲಿ ಸ್ತನದ ರಕ್ತನಾಳಗಳ ನಕ್ಷೆ ತೆಗೆಯುತ್ತದೆ. ಆ ಪರಿಣಾಮವನ್ನು ಕಂಡವರು ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್, 1880ರಲ್ಲಿ. ನೋಡಲು ಬೆರಗು, ಆದರೆ ಇವೆಲ್ಲ ಇನ್ನೂ ಸಂಶೋಧನೆಯ ಕೋಣೆಯೊಳಗಿನ ಮಾತು. ನಾಳೆ ಯಾರಾದರೂ ಇಲ್ಲೇ ಇಂಥದೊಂದು ಯಂತ್ರ ತಂದು ಕೀಮೋ ಫಲ ಖಾತ್ರಿ ಹೇಳುತ್ತೇವೆ ಎಂದು ಬೋರ್ಡು ಹಾಕಿದರೆ ಹತ್ತು ಪ್ರಶ್ನೆ ಕೇಳಿ.

ನಮ್ಮ ಜಿಲ್ಲೆಗಳಲ್ಲಿ ಇಂದೇ ಆಗುವಂಥದು ಎಲಾಸ್ಟೊಗ್ರಫಿ. ಒಳ್ಳೆಯ ಅಲ್ಟ್ರಾಸೌಂಡ್ ಯಂತ್ರಗಳಲ್ಲಿ ಈ ಸೌಲಭ್ಯ ಸೇರಿಕೊಂಡೇ ಬರುತ್ತದೆ. ಒಳಗೆ ಒಂದು ಸಣ್ಣ ಕಂಪನ ಹುಟ್ಟಿಸಿ, ಅದು ಎಷ್ಟು ವೇಗವಾಗಿ ಸಾಗುತ್ತದೆ ಎಂಬುದರಿಂದ ಗಡಸುತನವನ್ನು ಕಿಲೊಪ್ಯಾಸ್ಕಲ್ ಲೆಕ್ಕದಲ್ಲಿ ಹೇಳುತ್ತದೆ. ಕೀಮೋ ಹಿಡಿಸಿದ ಗಡ್ಡೆ ಕುಗ್ಗುವ ಮುಂಚೆಯೇ ಮೆತ್ತಗಾಗಬಹುದು. ಸೂಜಿ ಇಲ್ಲ, ವಿಕಿರಣ ಇಲ್ಲ. ತೊಂದರೆ ಇರುವುದು ಕೈಯಲ್ಲಿ. ಯಂತ್ರದ ಹಿಡಿಯನ್ನು ಒತ್ತಿ ಹಿಡಿದರೆ ಮೆತ್ತನೆಯದೂ ಗಟ್ಟಿ ಎಂದು ತೋರಿಸುತ್ತದೆ. ನರ್ಸಿಂಗ್ ಹುಡುಗಿಯರೇ, ನಾಳೆ ನೀವು ಈ ಕೋಣೆಗಳಲ್ಲಿ ನಿಲ್ಲುವವರು. ಒಬ್ಬರೇ ಡಾಕ್ಟರು, ಒಂದೇ ಯಂತ್ರ, ಒಂದೇ ಭಂಗಿ ಎಂಬ ಶಿಸ್ತಿಗೆ ರೊಕ್ಕ ಬೇಕಿಲ್ಲ.

ಹಳೆಯ ಅಲ್ಟ್ರಾಸೌಂಡನ್ನು ಕಡೆಗಣಿಸಬೇಡಿ. ಜರ್ಮನಿಯ ಜೆಪಾರ್‌ಟ್ರಿಯೊ ಪ್ರಯೋಗದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಎರಡು ಸುತ್ತು ಕೀಮೋ ಆದ ಮೇಲೆ ಗಡ್ಡೆ ಅಳೆದರು. ಸ್ಪಂದನೆ ನೋಡಿ ಚಿಕಿತ್ಸೆ ಹೊಂದಿಸಿದ ಗುಂಪಿನಲ್ಲಿ ರೋಗ ಮರಳುವುದು ಕಡಿಮೆಯಾಯಿತು ಎಂದು 2013ರಲ್ಲಿ ವರದಿಯಾಯಿತು. ಅವರು ಬಳಸಿದ್ದು ತಾಲ್ಲೂಕು ಮಟ್ಟದಲ್ಲೂ ಸಿಗುವಂಥ ಸಾಧನ. ವ್ಯತ್ಯಾಸ ತಂದದ್ದು ನಡುವೆ ನಿಂತು ನೋಡಿ, ನೋಡಿದ್ದಕ್ಕೆ ತಕ್ಕಂತೆ ನಡೆದದ್ದು. ನಮ್ಮಲ್ಲಿ ಎರಡನೇ ಸುತ್ತಿನ ಹೊತ್ತಿಗೆ ಸ್ಕ್ಯಾನಿಗೆ ಕಳಿಸದೆ, ಎಲ್ಲ ಮುಗಿದ ಮೇಲೆ “ನೋಡಿ” ಎಂದು ಕಳಿಸುವುದು ಈಗಲೂ ಕಾಣುತ್ತದೆ. ಅದಕ್ಕೆ ಯಂತ್ರದ ಕೊರತೆ ಎಂಬ ನೆಪ ಹೇಳಲಾಗದು.

ಇದಕ್ಕಿಂತ ನನ್ನನ್ನು ಕಾಡುವುದು ಮೊದಲ ಚಿತ್ರ ಇಲ್ಲದಿರುವುದು. ಮಿರಜ, ಸೊಲ್ಲಾಪುರ, ಹುಬ್ಬಳ್ಳಿ, ಬೆಳಗಾವಿ ಎಂದು ಜನ ಓಡಾಡುತ್ತಾರೆ. ಎಲ್ಲೋ ಕೀಮೋ ಶುರುವಾಗಿರುತ್ತದೆ, ನಮ್ಮ ಹತ್ತಿರ ಬರುವುದು ಮೂರನೆಯದಕ್ಕೆ. ಚೀಲದಲ್ಲಿ ಔಷಧದ ಬಿಲ್ಲು ಇರುತ್ತದೆ, ಚಿತ್ರ ಇರುವುದಿಲ್ಲ. ಈಗ ಎರಡು ಸೆಂಟಿಮೀಟರ್ ಗಡ್ಡೆ ಕಂಡಿತು ಅಂದುಕೊಳ್ಳಿ. ಐದರಿಂದ ಇಳಿದದ್ದೋ, ಒಂದೂವರೆಯಿಂದ ಏರಿದ್ದೋ? ಜಗತ್ತಿನ ಯಾವ ಹೊಸ ಯಂತ್ರವೂ ಹೇಳಲಾರದು. ನಾನು ಹೇಳಿದ ಪ್ರತಿ ವಿಧಾನವೂ ಅಳೆಯುವುದು ಬದಲಾವಣೆಯನ್ನು. ಬದಲಾವಣೆಗೆ ಮೊದಲ ಹನಿ ಬೀಳುವ ಮುಂಚಿನ ಅಳತೆ ಬೇಕು.

ಅದರ ಜೊತೆಗೇ ಹೋಗುವುದು ಕ್ಲಿಪ್. ಔಷಧ ಚೆನ್ನಾಗಿ ಹಿಡಿಸಿದಷ್ಟೂ ಸರ್ಜನ್ನಿಗೆ ಕಷ್ಟ, ಏಕೆಂದರೆ ಗಡ್ಡೆ ಮಾಯವಾದ ಮೇಲೆ ಎಲ್ಲಿ ಕೊಯ್ಯುವುದು? ಅದಕ್ಕೆ ಕೀಮೋಗೆ ಮುಂಚೆ, ತಪ್ಪಿದರೆ ಮೊದಲ ಒಂದೆರಡು ಸುತ್ತಿನೊಳಗೆ, ಅಲ್ಟ್ರಾಸೌಂಡ್ ನೋಡುತ್ತ ಸೂಜಿಯ ಮೂಲಕ ಗಡ್ಡೆಯ ನಡುವೆ ಜೋಳದ ಕಾಳಿಗಿಂತ ಸಣ್ಣ ಟೈಟಾನಿಯಂ ಗುರುತು ಇಡುತ್ತೇವೆ. ವಿದೇಶಿ ಗುರುತು ದುಬಾರಿ. ರಕ್ತನಾಳ ಬಿಗಿಯಲು ಆಪರೇಷನ್‌ನಲ್ಲಿ ಬಳಸುವ ಪುಟ್ಟ ಕ್ಲಿಪ್ಪನ್ನೇ ಕಡಿಮೆ ಖರ್ಚಿನಲ್ಲಿ ಇಡುವ ರೂಢಿ ನಮ್ಮ ದೇಶದಲ್ಲಿದೆ. ಇಡದೆ ಬಿಟ್ಟರೆ, ಸ್ತನ ಉಳಿಸಬಹುದಾಗಿದ್ದ ಹೆಣ್ಣುಮಗಳಿಗೂ “ಎಲ್ಲಿತ್ತೋ ಗೊತ್ತಾಗುತ್ತಿಲ್ಲ, ಪೂರ್ತಿ ತೆಗೆಯೋಣ” ಎನ್ನಬೇಕಾಗುತ್ತದೆ. ಔಷಧ ಗೆದ್ದ ಕಡೆ ಹೀಗಾಗುವುದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುತ್ತದೆ.

ಆಮೇಲೆ ಪ್ರಶ್ನೆಗಳು. ಹಿಂದಿನ ಸಾಲಿನಿಂದ ಒಬ್ಬ ಯಜಮಾನರು ಎದ್ದು, “ಸ್ಕ್ಯಾನಿನ್ಯಾಗ ಏನೂ ಇಲ್ಲ ಅಂದ್ರ ಆಪರೇಶನ್ ಯಾಕ ಬೇಕ್ರಿ?” ಎಂದರು. ಇದು ಬಹಳ ಜನರ ಮನಸ್ಸಿನ ಪ್ರಶ್ನೆ. ಚಿತ್ರ ಸ್ವಚ್ಛ ಇದ್ದರೂ ಸೂಕ್ಷ್ಮದರ್ಶಕದಲ್ಲಿ ಕೋಶ ಸಿಗುವುದುಂಟು. ಚಿತ್ರವೊಂದನ್ನೇ ನಂಬಿ ಬಿಡುವಂತಿಲ್ಲ. ಅಮೆರಿಕದಲ್ಲಿ ಒಂದು ಸಣ್ಣ ಪ್ರಯೋಗ ನಡೆಯಿತು, ವರದಿ ಬಂದದ್ದು 2022ರಲ್ಲಿ. ಕೀಮೋಗೆ ಚೆನ್ನಾಗಿ ಸ್ಪಂದಿಸಿದ 50 ಜನರಿಗೆ ಹಳೆಯ ಜಾಗದಿಂದಲೇ ದಪ್ಪ ಸೂಜಿಯಲ್ಲಿ ಹಲವು ತುಣುಕು ತೆಗೆದರು. 31 ಜನರಲ್ಲಿ ಏನೂ ಸಿಗಲಿಲ್ಲ. ಅವರಿಗೆ ಆಪರೇಷನ್ ಬಿಟ್ಟು ಕರೆಂಟ್ (ವಿಕಿರಣ) ಚಿಕಿತ್ಸೆಯನ್ನಷ್ಟೇ ಕೊಟ್ಟರು. ಸುಮಾರು ಎರಡು ವರ್ಷ ನೋಡುವಷ್ಟರಲ್ಲಿ ಸ್ತನದಲ್ಲಿ ಮರಳಿರಲಿಲ್ಲ. ಆಸೆ ಹುಟ್ಟಿಸುವ ಸುದ್ದಿ. ಆದರೆ 31 ಜನರ ಎರಡು ವರ್ಷದ ಮೇಲೆ ನಿಮ್ಮ ಮನೆಯಾಕೆಯ ಜೀವ ಇಡಬೇಡಿ ಎಂದೆ. ಪ್ರಯೋಗದ ಹೊರಗೆ ಆಪರೇಷನ್ ತಪ್ಪಿಸುವಂತಿಲ್ಲ.

ಸೂಜಿ ಚುಚ್ಚಿದರೆ ಹರಡುತ್ತದೆಯೇ ಎಂದು ಇಬ್ಬರು ಕೇಳಿದರು. ಬಯಾಪ್ಸಿಯಿಂದ, ಅಂದರೆ ಪರೀಕ್ಷೆಗೆ ಸೂಜಿಯಲ್ಲಿ ತುಣುಕು ತೆಗೆಯುವುದರಿಂದ, ಬದುಕುವ ಅವಕಾಶ ಕುಗ್ಗುವುದಿಲ್ಲ. ಬಯಾಪ್ಸಿ ಬಿಟ್ಟರೆ ಯಾವ ಬಗೆಯ ಕ್ಯಾನ್ಸರ್ ಎಂದೇ ತಿಳಿಯದು, ಯಾವ ಔಷಧ ಎಂಬುದೂ ತಿಳಿಯದು. ಪೆಟ್ ಸ್ಕ್ಯಾನಿನಲ್ಲಿ ವಿಕಿರಣ ಇದೆ, ಎಂಆರ್‌ಐಯಲ್ಲಿ ಇಲ್ಲ, ಅಲ್ಟ್ರಾಸೌಂಡಿನಲ್ಲಿ ಇಲ್ಲ. ಖರ್ಚಿನ ಬಗ್ಗೆ ಕೇಳಿದವರಿಗೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಯಾವುದು ಬರುತ್ತದೆ ಎಂದು ದವಾಖಾನೆಯ ಆರೋಗ್ಯ ಮಿತ್ರರನ್ನು ಕೀಮೋ ಶುರುವಾಗುವ ಮುಂಚೆ ಕೇಳಿ ಎಂದೆ.

ಕೊನೆಗೆ ಇಂಡಿ ಕಡೆಯ ಆಶಾ ಕಾರ್ಯಕರ್ತೆಯೊಬ್ಬರು, “ಫೈಲಿನ್ಯಾಗ ಏನೇನ್ ಇರಬೇಕ್ರಿ ಅಕ್ಕಾರ, ಬರಕೋತೀನಿ” ಎಂದು ಪೆನ್ನು ತೆಗೆದರು. ಬಯಾಪ್ಸಿ ರಿಪೋರ್ಟು, ಅದರಲ್ಲಿ ಇಆರ್, ಪಿಆರ್ (ಎರಡು ಹಾರ್ಮೋನ್ ಗ್ರಾಹಕಗಳು), ಹರ್-ಟೂ ಮೂರೂ ಬರೆದಿರಬೇಕು. ಮೊದಲ ಕೀಮೋ ತಾರೀಖು, ಪ್ರತಿ ಸುತ್ತಿನ ಔಷಧದ ಹೆಸರು. ಕ್ಲಿಪ್ ಇಟ್ಟಿದ್ದಾರೋ ಇಲ್ಲವೋ, ಇಟ್ಟಿದ್ದರೆ ಯಾವ ದಿನ. ಕೀಮೋಗೆ ಮುಂಚಿನ ಸ್ಕ್ಯಾನು. “ಮೊಬೈಲ್‌ದಾಗ ಫಿಲ್ಮಿನ ಫೋಟೋ ತಕ್ಕೊಂಡಿದ್ರ ನಡೀತೈತ್ರಿ?” ಎಂದರು. ನೆನಪಿಗೆ ನಡೆಯುತ್ತದೆ, ಅಳೆಯಲು ಬರುವುದಿಲ್ಲ. ಸಿಡಿ ಕೇಳಿ, ಇಲ್ಲವೇ ಪೆನ್‌ಡ್ರೈವ್ ಕೊಂಡೊಯ್ದು ಮೂಲ ಚಿತ್ರಗಳನ್ನೇ ಹಾಕಿಸಿಕೊಳ್ಳಿ, ಸ್ಕ್ಯಾನ್ ಆದ ದಿನವೇ. ತಿಂಗಳು ಬಿಟ್ಟು ಹೋದರೆ ಯಂತ್ರದಿಂದ ಅಳಿಸಿರುತ್ತಾರೆ.